ಮುಚ್ಚಿದ ಕಡತಗಳ ಮರುಓದು: ಇಯಾನ್ ರ್‍ಯಾಂಕಿನ್ ಅವರ ರೀಬಸ್ ಕಾದಂಬರಿಮಾಲೆಯಲ್ಲಿ ವಯಸ್ಸು, ಸಾಕ್ಷ್ಯ ಮತ್ತು ಹೊಣೆ

ಪತ್ತೇದಾರಿ ಕಾದಂಬರಿಯನ್ನು ಜನಪ್ರಿಯ ಸಾಹಿತ್ಯದ ಕಪಾಟಿನಲ್ಲಿಟ್ಟು ಅದರ ಕಡೆಗೆ ಬೆನ್ನು ಮಾಡುವ ರೂಢಿ ವಿಮರ್ಶೆಯಲ್ಲಿ ಹಳೆಯದು. ಕೊಲೆಗಾರ ಯಾರೆಂದು ತಿಳಿದ ಮೇಲೆ ಮತ್ತೆ ಓದಲು ಅಲ್ಲಿ ಏನೂ ಉಳಿಯುವುದಿಲ್ಲವೆಂಬ ಆಕ್ಷೇಪವೇ ಇದಕ್ಕೆ ಮುಖ್ಯ ಕಾರಣ. ಬಿಡಿ ಕಾದಂಬರಿಯ ಮಟ್ಟಿಗೆ ಈ ಆಕ್ಷೇಪದಲ್ಲಿ ಹುರುಳಿರಬಹುದು. ಆದರೆ ಒಬ್ಬನೇ ಪತ್ತೇದಾರ ಮೂವತ್ತು ನಲವತ್ತು ವರ್ಷ, ಇಪ್ಪತ್ತಕ್ಕೂ ಹೆಚ್ಚು ಕೃತಿಗಳಲ್ಲಿ ಬಾಳಿದಾಗ ಅಲ್ಲಿ ಹುಟ್ಟುವ ಪ್ರಶ್ನೆಗಳು ಬೇರೆಯವು. ಆತನಿಗೆ ವಯಸ್ಸಾಗುತ್ತದೆಯೆ? ಮೊದಲ ಕೃತಿಯಲ್ಲಿ ಆತ ಮಾಡಿದ್ದು ಇಪ್ಪತ್ತನೆಯ ಕೃತಿಯಲ್ಲಿ ಆತನಿಗೆ ನೆನಪಿರುತ್ತದೆಯೆ? ಓದುಗನಿಗೆ ನೆನಪಿರಬೇಕೆ?

ಬ್ರಿಟಿಷ್ ಪರಂಪರೆ ಈ ಪ್ರಶ್ನೆಗಳನ್ನು ಬಹುಮಟ್ಟಿಗೆ ಜಾಣತನದಿಂದ ತಪ್ಪಿಸಿಕೊಂಡಿತು. ಅಗಾಥಾ ಕ್ರಿಸ್ಟಿಯವರ ಹರ್ಕ್ಯೂಲ್ ಪೊಯರೊ 1920ರ ಮೊದಲ ಕೃತಿಯಲ್ಲಿಯೇ ನಿವೃತ್ತ ಬೆಲ್ಜಿಯನ್ ಪೊಲೀಸ್ ಅಧಿಕಾರಿ. ಆತನ ಸಾವು ಅಚ್ಚಾದುದು 1975ರಲ್ಲಿ. ಅಷ್ಟು ಇಳಿವಯಸ್ಸಿನವನನ್ನು ಆರಿಸಿಕೊಂಡದ್ದು ತಪ್ಪಾಯಿತೆಂದು ಲೇಖಕಿಯೇ ಒಪ್ಪಿಕೊಂಡಿದ್ದರು. ರೂತ್ ರೆಂಡಲ್ ಅವರ ಮುಖ್ಯ ಇನ್‌ಸ್ಪೆಕ್ಟರ್ ವೆಕ್ಸ್‌ಫರ್ಡ್ 1964ರಲ್ಲಿ ಐವತ್ತೆರಡರ ಪ್ರಾಯದವನು. 2011ರ 'ದ ವಾಲ್ಟ್' ಕಾದಂಬರಿಯಲ್ಲಿ ಆತ ಹೊಸದಾಗಿ ನಿವೃತ್ತನಾಗಿ ಲಂಡನ್ನಿನಲ್ಲಿ ಕಾಲ್ನಡಿಗೆಯಲ್ಲಿ ಸುತ್ತುತ್ತಾನೆ. ಪಂಚಾಂಗದ ಲೆಕ್ಕದಲ್ಲಿ ಆಗ ಆತನಿಗೆ ತೊಂಬತ್ತೊಂಬತ್ತು. ಪಿ. ಡಿ. ಜೇಮ್ಸ್ ಅವರ ಕವಿ-ಪೊಲೀಸ್ ಆಡಮ್ ಡಾಲ್ಗ್ಲೀಷ್ 1962ರಿಂದ 2008ರವರೆಗೆ ಸೇವೆಯಲ್ಲಿದ್ದು, ಕೊನೆಯ ಕೃತಿಯಲ್ಲಿ ವಿವಾಹಕ್ಕೆ ಅಣಿಯಾಗುತ್ತಾನೆ. ಇವು ದೋಷಗಳೆಂದು ಎಣಿಸಬೇಕಾಗಿಲ್ಲ. ಪ್ರಕಾರವು ಓದುಗನೊಡನೆ ಮಾಡಿಕೊಂಡ ಒಪ್ಪಂದಗಳು ಮಾತ್ರ. ಪಾತ್ರ ಸ್ಥಿರ, ಪ್ರಕರಣ ಚರ. ಒಂದು ಕೃತಿ ಮುಗಿದೊಡನೆ ಅದರ ಕಡತ ಮುಚ್ಚುತ್ತದೆ, ಪತ್ತೇದಾರ ಕೈ ತೊಳೆದುಕೊಂಡು ಮುಂದಿನ ಕೊಲೆಗೆ ಹೊರಡುತ್ತಾನೆ.

ಇಯಾನ್ ರ್‍ಯಾಂಕಿನ್ ಅವರ ಜಾನ್ ರೀಬಸ್ ಈ ಒಪ್ಪಂದಕ್ಕೆ ಸಹಿ ಹಾಕದ ಪಾತ್ರ. 1987ರಿಂದ 2024ರವರೆಗಿನ ಇಪ್ಪತ್ತೈದು ಕಾದಂಬರಿಗಳಲ್ಲಿ ಆತ ಹೆಚ್ಚುಕಡಿಮೆ ಪಂಚಾಂಗದ ವೇಗದಲ್ಲಿಯೇ ಮುಪ್ಪಾಗುತ್ತಾನೆ, ನಿವೃತ್ತನಾಗುತ್ತಾನೆ, ಉಸಿರಾಟದ ಕಾಯಿಲೆಯಿಂದ ಮಹಡಿ ಹತ್ತಲಾರದೆ ಅದೇ ಕಟ್ಟಡದ ನೆಲಮಾಳಿಗೆಗೂ ಮೊದಲ ಮಹಡಿಗೂ ನಡುವಿನ ಕೆಳ ಅಂತಸ್ತಿಗೆ ಮನೆ ಬದಲಿಸುತ್ತಾನೆ, ಕೊನೆಗೆ ಕಟಕಟೆಯಲ್ಲಿ ನಿಲ್ಲುತ್ತಾನೆ. ಕಾಲದ ಈ ಪ್ರಾಮಾಣಿಕತೆಯನ್ನು ವಾಸ್ತವವಾದದ ಒಂದು ಲಕ್ಷಣವೆಂದಷ್ಟೇ ಗುರುತಿಸಿ ಸುಮ್ಮನಾಗುವುದು ಸಾಮಾನ್ಯ. ಅದಕ್ಕಿಂತ ಗಂಭೀರವಾದ ಪರಿಣಾಮವೊಂದು ಇಲ್ಲಿದೆ. ಕಾಲವನ್ನು ಒಳಗೆ ಬಿಟ್ಟುಕೊಂಡ ಕಾದಂಬರಿಮಾಲೆ ತನ್ನದೇ ಹಿಂದಿನ ಕೃತಿಗಳನ್ನು ಸಾಕ್ಷ್ಯವಾಗಿ ಓದಬೇಕಾಗುತ್ತದೆ. ಒಂದು ದಶಕದ ಓದುಗರು ಮೆಚ್ಚಿಕೊಂಡ ನಡವಳಿಕೆ ಮತ್ತೊಂದು ದಶಕದಲ್ಲಿ ಆರೋಪವಾಗಿ ಹಿಂದಿರುಗುತ್ತದೆ. ರೀಬಸ್ ಮಾಲೆಯ ಮಹತ್ವವೂ, ಅದರ ಅತ್ಯಂತ ದುರ್ಬಲ ಭಾಗವೂ ಇಲ್ಲಿಯೇ ಇವೆ.

ಈ ಮಾಲೆ ಮಾಲೆಯಾಗಿ ಹುಟ್ಟಲಿಲ್ಲ. 1960ರಲ್ಲಿ ಫೈಫ್ ಪ್ರಾಂತ್ಯದ ಕಲ್ಲಿದ್ದಲ ಗಣಿಗಳ ಊರಾದ ಕಾರ್ಡೆನ್‌ಡೆನ್‌ನಲ್ಲಿ ಜನಿಸಿದ ರ್‍ಯಾಂಕಿನ್, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಮ್ಯೂರಿಯೆಲ್ ಸ್ಪಾರ್ಕ್ ಅವರ ಕಾದಂಬರಿಗಳ ಮೇಲೆ ಸಂಶೋಧನೆ ನಡೆಸಬೇಕಾದ ಅವಧಿಯಲ್ಲಿ 'ನಾಟ್ಸ್ ಅಂಡ್ ಕ್ರಾಸಸ್' ಬರೆದರು. ಪ್ರಬಂಧ ಪೂರ್ಣಗೊಳ್ಳಲಿಲ್ಲ, ಕಾದಂಬರಿ 1987ರಲ್ಲಿ ಪ್ರಕಟವಾಯಿತು. ಸ್ಟೀವನ್‌ಸನ್ನನ ಜೆಕಿಲ್ ಮತ್ತು ಹೈಡ್ ಕಥೆಯನ್ನು ಅದರ ನಿಜವಾದ ತವರಾದ ಎಡಿನ್‌ಬರೋಗೆ ಮರಳಿ ತರುವುದು ಅವರ ಉದ್ದೇಶವಾಗಿತ್ತು. ಪುಸ್ತಕದಂಗಡಿಗಳು ಅದನ್ನು ಅಪರಾಧ ಸಾಹಿತ್ಯದ ಸಾಲಿನಲ್ಲಿಟ್ಟಾಗ ಲೇಖಕರಿಗೆ ಅಚ್ಚರಿಯಾಯಿತೆಂಬುದು ಅವರೇ ಅನೇಕ ಬಾರಿ ಹೇಳಿರುವ ಸಂಗತಿ. ನಾಯಕನ ಹೆಸರೇ ಒಂದು ಒಗಟು: ಚಿತ್ರಗಳಿಂದ ಪದವನ್ನು ಬಿಡಿಸುವ ಆಟಕ್ಕೆ ಇಂಗ್ಲಿಷಿನಲ್ಲಿ ರೀಬಸ್ ಎನ್ನುತ್ತಾರೆ. ಕೊಲೆಗಾರ ಅಂಚೆಯಲ್ಲಿ ಕಳಿಸುವ ದಾರದ ಗಂಟುಗಳೂ ಬೆಂಕಿಕಡ್ಡಿಯ ಶಿಲುಬೆಗಳೂ ರೀಬಸ್‌ನ ಸೈನಿಕ ಜೀವನದ ಹುಗಿದ ನೆನಪಿಗೆ ಬೀಗದ ಕೈಗಳು. ಕೊಲೆಗಾರ ಹೊರಗಿನವನಲ್ಲ, ಹಳೆಯ ಒಡನಾಡಿ. ಮೊದಲ ಕೃತಿಯ ಕುಶಲತೆ ತುಸು ವಿದ್ಯಾರ್ಥಿಸಹಜವಾದುದೆಂದು ಹೇಳಬೇಕು. ಸಂಕೇತಗಳು ಎದ್ದು ಕಾಣುತ್ತವೆ. ಆದರೂ ಮುಂದಿನ ಮೂರೂವರೆ ದಶಕದ ಬೀಜ ಅಲ್ಲಿದೆ: ಅಪರಾಧದ ಬೇರು ಪತ್ತೇದಾರನ ಗತದಲ್ಲಿಯೇ ಇದೆ.

ಈ ಕಥೆಗೆ ಎಡಿನ್‌ಬರೋ ಬರಿಯ ಹಿನ್ನೆಲೆಯಾಗಿರಲಿಲ್ಲ. ಹದಿನೆಂಟನೆಯ ಶತಮಾನದ ಡೀಕನ್ ಬ್ರಾಡಿ ಹಗಲು ಗೌರವಸ್ಥ ಬಡಗಿ, ಇರುಳು ಕನ್ನಗಳ್ಳ. 1788ರಲ್ಲಿ ಗಲ್ಲಿಗೇರಿದ ಆತನ ನೆನಪೇ ಸ್ಟೀವನ್‌ಸನ್ನನ ಕಲ್ಪನೆಯನ್ನು ಕೆರಳಿಸಿದ್ದು. 1828ರಲ್ಲಿ ಬರ್ಕ್ ಮತ್ತು ಹೇರ್ ಎಂಬಿಬ್ಬರು ಹದಿನಾರು ಜನರನ್ನು ಕೊಂದು ಶವಗಳನ್ನು ಅಂಗರಚನಾಶಾಸ್ತ್ರದ ಪಾಠಕ್ಕೆ ಮಾರಿದ್ದೂ ಇದೇ ನಗರದಲ್ಲಿ. ಜ್ಞಾನೋದಯದ ರಾಜಧಾನಿಯ ಅಡಿಪಾಯದಲ್ಲಿ ಹೆಣಗಳಿವೆ ಎಂಬ ಭಾವ ಸ್ಕಾಟಿಷ್ ಸಾಹಿತ್ಯಕ್ಕೆ ಹೊಸದಲ್ಲ. ಪೊಲೀಸ್ ಕಾದಂಬರಿಯ ಮಟ್ಟಿಗೆ ದಾರಿ ಮಾಡಿಕೊಟ್ಟವರು ಗ್ಲಾಸ್ಗೋ ನಗರವನ್ನು ಕುರಿತು 1977ರಲ್ಲಿ 'ಲೇಡ್ಲಾ' ಬರೆದ ವಿಲಿಯಂ ಮ್ಯಾಕಿಲ್ವ್ಯಾನಿ. ಈ ಋಣವನ್ನು ರ್‍ಯಾಂಕಿನ್ ಮರೆಯಲಿಲ್ಲ. ಮ್ಯಾಕಿಲ್ವ್ಯಾನಿ 2015ರಲ್ಲಿ ತೀರಿಕೊಂಡಾಗ ಉಳಿದಿದ್ದ ಅಪೂರ್ಣ ಹಸ್ತಪ್ರತಿಯನ್ನು ಪೂರ್ಣಗೊಳಿಸಿ 2021ರಲ್ಲಿ 'ದ ಡಾರ್ಕ್ ರಿಮೇನ್ಸ್' ಹೆಸರಿನಲ್ಲಿ ಹೊರತಂದರು.

ಪಂಚಾಂಗದ ಕಾಲ ಮಾಲೆಯೊಳಗೆ ಕಾಲಿಟ್ಟದ್ದನ್ನು ಒಂದು ಬೆಂಕಿಯಿಂದ ಗುರುತಿಸಬಹುದು. ಆರಂಭದ ಕೃತಿಗಳಲ್ಲಿ ರೀಬಸ್ ಕೆಲಸ ಮಾಡುವುದು ಗ್ರೇಟ್ ಲಂಡನ್ ರೋಡ್ ಎಂಬ ಕಲ್ಪಿತ ಠಾಣೆಯಲ್ಲಿ. ಆ ಠಾಣೆ ಸುಟ್ಟುಹೋಗುತ್ತದೆ, ರೀಬಸ್ ನಗರದಲ್ಲಿ ನಿಜವಾಗಿಯೂ ಇದ್ದ ಸೇಂಟ್ ಲೆನಾರ್ಡ್ಸ್ ಠಾಣೆಗೆ ವರ್ಗವಾಗುತ್ತಾನೆ. 1993ರ 'ದ ಬ್ಲ್ಯಾಕ್ ಬುಕ್'ನಲ್ಲಿ ಈ ಹೊಸ ನೆಲೆಯ ಜೊತೆಗೆ ಮಾಲೆಯ ಇಬ್ಬರು ಶಾಶ್ವತ ಪಾತ್ರಗಳು ನೆಲೆಯೂರುತ್ತವೆ: ಇಂಗ್ಲೆಂಡಿನಲ್ಲಿ ಬೆಳೆದ ಯುವ ಪೊಲೀಸ್ ಶಿವಾನ್ ಕ್ಲಾರ್ಕ್, ಮತ್ತು ನಗರದ ಭೂಗತ ದೊರೆ ಮಾರಿಸ್ ಜೆರಾಲ್ಡ್ ಕ್ಯಾಫರ್ಟಿ. ಕಲ್ಪಿತ ಠಾಣೆಯನ್ನು ಸುಟ್ಟು ನಿಜದ ವಿಳಾಸಕ್ಕೆ ಬಂದ ಮೇಲೆ ನಿಜದ ಕಾಲವನ್ನು ಹೊರಗಿಡುವುದು ಸಾಧ್ಯವಿರಲಿಲ್ಲ. ಮುಂದೆ ಅದೇ ಠಾಣೆಯ ಅಪರಾಧ ತನಿಖಾ ವಿಭಾಗ ಮುಚ್ಚಿಹೋದಾಗ 2004ರ 'ಫ್ಲೆಶ್‌ಮಾರ್ಕೆಟ್ ಕ್ಲೋಸ್'ನಲ್ಲಿ ರೀಬಸ್ ಗೇಫೀಲ್ಡ್ ಸ್ಕ್ವೇರ್ ಠಾಣೆಗೆ ಬರುತ್ತಾನೆ. ಅಲ್ಲಿ ಆತನಿಗೊಂದು ಮೇಜೂ ಇಲ್ಲ. ನಿವೃತ್ತಿಯ ಸೂಚನೆ ಕೊಡಲು ಮೇಲಧಿಕಾರಿಗಳಿಗೆ ಇದಕ್ಕಿಂತ ಮಿತವ್ಯಯದ ದಾರಿ ಬೇಕಿರಲಿಲ್ಲ.

ಹೀಗೆ ಒಳಬಂದ ಕಾಲ ಮೊದಲು ಸಾರ್ವಜನಿಕ ಚರಿತ್ರೆಯಾಗಿ ಕಾಣಿಸಿಕೊಳ್ಳುತ್ತದೆ. 2000ದ 'ಸೆಟ್ ಇನ್ ಡಾರ್ಕ್‌ನೆಸ್' ಮೂರು ಶತಮಾನಗಳ ನಂತರ ಮರಳಿದ ಸ್ಕಾಟಿಷ್ ಪಾರ್ಲಿಮೆಂಟಿನ ಕಟ್ಟಡದ ಆವರಣದಲ್ಲಿಯೇ ಹಳೆಯ ಹೆಣವೊಂದನ್ನು ಹೊರತೆಗೆಯುತ್ತದೆ. 'ಫ್ಲೆಶ್‌ಮಾರ್ಕೆಟ್ ಕ್ಲೋಸ್' ಆಶ್ರಯ ಬೇಡಿ ಬಂದ ವಿದೇಶೀಯರ ಬದುಕನ್ನು, ಅವರನ್ನು ಕೂಡಿಹಾಕುವ ಕೇಂದ್ರಗಳನ್ನು ಎದುರಿಸುತ್ತದೆ. ಅದರ ಹಿಂದೆ 2001ರಲ್ಲಿ ಗ್ಲಾಸ್ಗೋದ ಸೈಟ್‌ಹಿಲ್ ವಸತಿಯಲ್ಲಿ ನಡೆದ ಕುರ್ದಿಷ್ ಯುವಕನ ಕೊಲೆಯ ನೆರಳಿದೆ. 2006ರ 'ದ ನೇಮಿಂಗ್ ಆಫ್ ದ ಡೆಡ್' 2005ರ ಜುಲೈ ಮೊದಲ ವಾರದ ದಿನಚರಿಯೇ ಹೌದು: ಎಡಿನ್‌ಬರೋದ ಬಡತನ ವಿರೋಧಿ ಮೆರವಣಿಗೆ, ಗ್ಲೆನೀಗಲ್ಸ್‌ನಲ್ಲಿ ಎಂಟು ಶ್ರೀಮಂತ ರಾಷ್ಟ್ರಗಳ ಶೃಂಗಸಭೆ, ಜುಲೈ 7ರ ಲಂಡನ್ ಬಾಂಬ್ ಸ್ಫೋಟಗಳು. ಅಮೆರಿಕದ ಅಧ್ಯಕ್ಷ ಬುಷ್ ಆ ವಾರ ಸೈಕಲ್ಲಿನಿಂದ ಬಿದ್ದದ್ದು ಸುದ್ದಿಯಾಗಿತ್ತು. ಕಾದಂಬರಿಕಾರರು ಅದಕ್ಕೆ ರೀಬಸ್ ಕೈಬೀಸಿದ್ದೇ ಕಾರಣವೆಂದು ಕಲ್ಪಿಸಿದ್ದಾರೆ. ಇಂಥ ತುಂಟತನ ಈ ಮಾಲೆಯಲ್ಲಿ ಅಪರೂಪವಲ್ಲ. ಆದರೆ ಅದೇ ಕೃತಿಯ ತೂಕ ಇರುವುದು ಬೇರೆಡೆ. ಪ್ರತಿಭಟನೆಯಲ್ಲಿ ಶಿವಾನ್ ಕ್ಲಾರ್ಕ್‌ಳ ತಾಯಿಗೆ ಪೆಟ್ಟು ಬೀಳುತ್ತದೆ. ಹೊಡೆದವನು ಪೊಲೀಸನೇ ಇರಬಹುದೆಂಬ ಶಂಕೆ ಮಗಳನ್ನು ಕಾಡುತ್ತದೆ. ತನ್ನ ಇಲಾಖೆಯಿಂದ ಉತ್ತರ ಸಿಗದೆಂದು ಬಗೆದ ಆಕೆ ಕ್ಯಾಫರ್ಟಿಯ ನೆರವನ್ನು ಪಡೆಯುವ ಹಂತಕ್ಕೆ ಹೋಗುತ್ತಾಳೆ. ಶ್ರದ್ಧೆಯ ಅಧಿಕಾರಿಯೊಬ್ಬಳು ಹಾದಿ ತಪ್ಪುವುದು ದುರಾಸೆಯಿಂದಲ್ಲ, ನ್ಯಾಯದ ಹಂಬಲದಿಂದ. ರೀಬಸ್ ಹಾದಿ ತಪ್ಪಿದ್ದೂ ಹೀಗೆಯೇ ಇರಬಹುದೆಂದು ಓದುಗನಿಗೆ ಹೊಳೆಯುವುದು ಇಲ್ಲಿ.

ಆ ಹಾದಿ ಎಲ್ಲಿ ತಪ್ಪಿತೆಂಬುದಕ್ಕೆ ಮಾಲೆ ಒಂಬತ್ತು ವರ್ಷ ಮೊದಲೇ ಉತ್ತರ ಕೊಟ್ಟಿತ್ತು. 1997ರ 'ಬ್ಲ್ಯಾಕ್ ಅಂಡ್ ಬ್ಲೂ' ಮಾಲೆಯ ಎಂಟನೆಯ ಕೃತಿ. ಬ್ರಿಟನ್ನಿನ ಅಪರಾಧ ಸಾಹಿತ್ಯ ಲೇಖಕರ ಸಂಘದ ಗೋಲ್ಡ್ ಡ್ಯಾಗರ್ ಪ್ರಶಸ್ತಿ ಇದಕ್ಕೆ ಸಂದಿತು. 1968 ಮತ್ತು 1969ರಲ್ಲಿ ಗ್ಲಾಸ್ಗೋದ ಬ್ಯಾರೋಲ್ಯಾಂಡ್ ನೃತ್ಯಮಂದಿರಕ್ಕೆ ಹೋಗಿದ್ದ ಮೂವರು ಮಹಿಳೆಯರನ್ನು ಕೊಂದು ಎಂದೂ ಸಿಕ್ಕಿಬೀಳದ 'ಬೈಬಲ್ ಜಾನ್'ನನ್ನು ಪಾತ್ರವಾಗಿಸಿದ್ದಕ್ಕಾಗಿ, ಉತ್ತರ ಸಮುದ್ರದ ತೈಲದ ಹಣ ಅಬರ್ಡೀನ್ ನಗರವನ್ನು ಮಾರ್ಪಡಿಸಿದ ಬಗೆಯನ್ನು ಚಿತ್ರಿಸಿದ್ದಕ್ಕಾಗಿ ಈ ಕೃತಿ ಪ್ರಸಿದ್ಧ. ವಿಮರ್ಶೆಯ ಕಣ್ಣು ಹೆಚ್ಚು ಹರಿಯಬೇಕಾದದ್ದು ಅದರ ಉಪಕಥೆಯ ಮೇಲೆ. ಹಲವು ವರ್ಷ ಹಿಂದೆ ರೀಬಸ್ ಮತ್ತು ಆತನ ಹಿರಿಯ ಸಹೋದ್ಯೋಗಿ ಲಾಸನ್ ಗೆಡೆಸ್ ಸೇರಿ ಲೆನಿ ಸ್ಪೇವನ್ ಎಂಬಾತನನ್ನು ಕೊಲೆ ಪ್ರಕರಣದಲ್ಲಿ ಜೈಲಿಗೆ ಕಳಿಸಿದ್ದರು. ತಾನು ನಿರಪರಾಧಿಯೆಂದು ಸಾರುತ್ತಲೇ ಇದ್ದ ಸ್ಪೇವನ್ ಸೆರೆಯಲ್ಲಿ ಸಾಯುತ್ತಾನೆ. ದೂರದರ್ಶನ ಕಾರ್ಯಕ್ರಮವೊಂದು ಪ್ರಕರಣವನ್ನು ಮತ್ತೆ ಕೆದಕುತ್ತದೆ. ಸಾಕ್ಷ್ಯ ದೊರೆತ ಬಗೆಯ ಕುರಿತು ಗೆಡೆಸ್ ಹೇಳಿದ್ದು ನಿಜವಲ್ಲವೆಂದು ರೀಬಸ್‌ಗೆ ಗೊತ್ತಿತ್ತು. ಆದರೂ ಆತ ಅದನ್ನು ಬೆಂಬಲಿಸಿದ್ದ.

ಇಲ್ಲಿ ಸ್ಕಾಟಿಷ್ ಕಾನೂನಿನ ಒಂದು ವಿಶಿಷ್ಟ ನಿಯಮವನ್ನು ನೆನೆಯುವುದು ಅಗತ್ಯ. ಸ್ಕಾಟ್ಲೆಂಡಿನಲ್ಲಿ ಅಪರಾಧದ ಮುಖ್ಯಾಂಶಗಳನ್ನು ಸಾಬೀತುಪಡಿಸಲು ಒಂದೇ ಮೂಲದ ಸಾಕ್ಷ್ಯ ಸಾಲದು. ಅದಕ್ಕೆ ಸ್ವತಂತ್ರವಾದ ಇನ್ನೊಂದು ಪೋಷಕ ಸಾಕ್ಷ್ಯ ಬೇಕೆಂಬುದು ಬಹುಕಾಲದ ನಿಯಮ. ಇಂಗ್ಲೆಂಡಿನಲ್ಲಿ ಇಂಥ ಸಾಮಾನ್ಯ ನಿಯಮವಿಲ್ಲ. ಅದನ್ನು ಕೈಬಿಡಬೇಕೆಂದು 2013ರಲ್ಲಿ ಮಂಡಿತವಾದ ಪ್ರಸ್ತಾವವನ್ನು ಸರ್ಕಾರ 2015ರಲ್ಲಿ ಹಿಂತೆಗೆದುಕೊಂಡಿತು. ಆರೋಪಿಯ ರಕ್ಷಣೆಗೆಂದು ಇರುವ ಈ ನಿಯಮದಿಂದಾಗಿ ಸ್ಕಾಟಿಷ್ ಪೊಲೀಸರು ಹೇಳಿಕೆ ಪಡೆಯಲು, ಶೋಧ ನಡೆಸಲು ಇಬ್ಬಿಬ್ಬರಾಗಿ ಹೋಗುವುದು ವಾಡಿಕೆಯಾಯಿತು. ಒಬ್ಬ ಕಂಡದ್ದಕ್ಕೆ ಇನ್ನೊಬ್ಬ ಸಾಕ್ಷಿ. ಪ್ರಾಮಾಣಿಕರಿಬ್ಬರು ಜೊತೆಗೂಡಿದರೆ ಇದು ನ್ಯಾಯದ ಕಾವಲು. ಒಬ್ಬ ಸುಳ್ಳು ಹೇಳಲು ನಿರ್ಧರಿಸಿದರೆ? ಆಗ ಜೊತೆಗಾರ ಸುಮ್ಮನಿದ್ದರೆ ಸಾಲದು, ಆತನೂ ಬಾಯಿಬಿಟ್ಟು ಸುಳ್ಳು ಹೇಳಲೇಬೇಕು. ರಕ್ಷಣೆಯ ನಿಯಮವೇ ಸುಳ್ಳನ್ನು ಸ್ನೇಹದ ಪರೀಕ್ಷೆಯಾಗಿ ಮಾರ್ಪಡಿಸುತ್ತದೆ. ಇಂಗ್ಲಿಷ್ ಪೊಲೀಸ್ ಕಾದಂಬರಿಯಲ್ಲಿ ಜೋಡಿಯೆಂದರೆ ಬಹುಮಟ್ಟಿಗೆ ಗುರುಶಿಷ್ಯರ ಸಲ್ಲಾಪ: ಮೋರ್ಸ್ ಮತ್ತು ಲೂಯಿಸ್, ವೆಕ್ಸ್‌ಫರ್ಡ್ ಮತ್ತು ಬರ್ಡನ್. ರ್‍ಯಾಂಕಿನ್ ಅವರಲ್ಲಿ ಅದು ಪರಸ್ಪರ ಸಾಕ್ಷಿಗಳ, ಆದ್ದರಿಂದ ಪರಸ್ಪರ ಒತ್ತೆಯಾಳುಗಳ ಸಂಬಂಧ. ಗೆಡೆಸ್ ಮತ್ತು ರೀಬಸ್ ನಡುವಿನ ಋಣ ಈ ಬಗೆಯದು. ಸ್ಪೇವನ್ ನಿಜವಾಗಿಯೂ ಕೊಲೆಗಾರನೇ ಎಂಬ ಪ್ರಶ್ನೆಗಿಂತ, ಆತನನ್ನು ಸೆರೆಗೆ ಕಳಿಸಿದ ಮಾತು ಎರಡು ಬಾಯಿಗಳಿಂದ ಬಂದ ಒಂದೇ ಸುಳ್ಳು ಎಂಬುದು ಇಲ್ಲಿ ಮುಖ್ಯ. ಹೊರಗೆ ಬೈಬಲ್ ಜಾನ್ ತನ್ನ ಅನುಕರಣಕಾರನನ್ನು ಬೇಟೆಯಾಡುತ್ತಿರುವಾಗ ಒಳಗೆ ರೀಬಸ್‌ನನ್ನು ಆತನ ಹಳೆಯ ಹೇಳಿಕೆ ಬೇಟೆಯಾಡುತ್ತದೆ. ಪಂಚಾಂಗದ ಕಾಲವಿಲ್ಲದ ಮಾಲೆಯಲ್ಲಿ ಇಂಥ ಉಪಕಥೆ ಹುಟ್ಟುವಂತಿರಲಿಲ್ಲ. ಡಾಲ್ಗ್ಲೀಷ್‌ಗೆ ಹೀಗೆ ಬೆನ್ನಟ್ಟುವ ಹಳೆಯ ಹೇಳಿಕೆಯಿಲ್ಲ.

ಇಷ್ಟಾದರೂ ಮುಂದಿನ ಹತ್ತು ವರ್ಷಗಳ ಕೃತಿಗಳು ಓದುಗನಿಗೆ ಒಂದು ಸುಖವನ್ನು ಎಡೆಬಿಡದೆ ಒದಗಿಸಿದವು ಎಂಬುದನ್ನು ಮರೆಮಾಚಬಾರದು. ಅದು ನಿಯಮ ಮುರಿಯುವ ಪೊಲೀಸನ ಸುಖ. ರೀಬಸ್ ಮೇಲಧಿಕಾರಿಗಳಿಗೆ ತಲೆಬಾಗುವುದಿಲ್ಲ, ಕಡತ ಕದಿಯುತ್ತಾನೆ, ಕುಡಿದು ಕಾರು ನಡೆಸುತ್ತಾನೆ, ಅಪರಾಧಿಯೊಡನೆ ಆಕ್ಸ್‌ಫರ್ಡ್ ಬಾರಿನಲ್ಲಿಯೋ ಕತ್ತಲ ಗಲ್ಲಿಯಲ್ಲಿಯೋ ವ್ಯವಹಾರ ಕುದುರಿಸುತ್ತಾನೆ. 2002ರ 'ರಿಸರೆಕ್ಷನ್ ಮೆನ್'ನಲ್ಲಿ ಮೇಲಧಿಕಾರಿಯತ್ತ ಚಹಾದ ಲೋಟ ಎಸೆದು ದಾರಿತಪ್ಪಿದ ಅಧಿಕಾರಿಗಳ ಮರುತರಬೇತಿಗೆ ಹೋಗುತ್ತಾನೆ. ಅದು ಅಲ್ಲಿನ ಭ್ರಷ್ಟರ ಮೇಲೆ ಕಣ್ಣಿಡಲು ಹೂಡಿದ ನಾಟಕವೆಂದು ತಿಳಿದಾಗ ಓದುಗ ನಿಟ್ಟುಸಿರು ಬಿಡುತ್ತಾನೆ. 2003ರ 'ಎ ಕ್ವೆಶ್ಚನ್ ಆಫ್ ಬ್ಲಡ್'ನಲ್ಲಿ ಶಿವಾನ್‌ಳನ್ನು ಹಿಂಬಾಲಿಸಿ ಪೀಡಿಸುತ್ತಿದ್ದವನು ಬೆಂಕಿಯಲ್ಲಿ ಸಾಯುತ್ತಾನೆ, ರೀಬಸ್ ಸುಟ್ಟ ಕೈಗಳೊಡನೆ ಕಾಣಿಸಿಕೊಳ್ಳುತ್ತಾನೆ. ಶಿವಾನ್ ಸಹ ಒಂದು ಗಳಿಗೆ ಸಂಶಯಿಸುತ್ತಾಳೆ. ಕೃತಿ ಆ ಸಂಶಯವನ್ನು ಕೊನೆಯಲ್ಲಿ ನಿವಾರಿಸುತ್ತದೆ. ಈ ತಂತ್ರ ಮತ್ತೆ ಮತ್ತೆ ಬರುವುದನ್ನು ಗಮನಿಸಬೇಕು: ರೀಬಸ್ ತಪ್ಪಿತಸ್ಥನಿರಬಹುದೆಂಬ ರೋಮಾಂಚನ ಮೊದಲು, ಇಲ್ಲವೆಂಬ ನೆಮ್ಮದಿ ಆಮೇಲೆ. ಓದುಗನಿಗೆ ಎರಡೂ ಲಾಭ. ಸಂಕೋಲೆ ಕಳಚಿದ ಪೊಲೀಸನ ಮೇಲೆ ಸಮಾಜ ಇಡುವ ಗುಟ್ಟಿನ ಮೋಹ ಇದು; ರೀಬಸ್ ಸರಿಯಾದ ಮನುಷ್ಯನನ್ನೇ ಹೊಡೆಯುತ್ತಾನೆಂಬ ಭರವಸೆಯನ್ನು ಕಾದಂಬರಿಕಾರರು ಕೊಡುವವರೆಗೆ ಆ ಮೋಹಕ್ಕೆ ಬೆಲೆ ತೆರಬೇಕಾಗಿ ಬರುವುದಿಲ್ಲ.

2007ರ 'ಎಕ್ಸಿಟ್ ಮ್ಯೂಸಿಕ್' ಮಾಲೆಯ ಹದಿನೇಳನೆಯ ಕೃತಿ. ಕಥೆ ನಡೆಯುವುದು 2006ರ ನವೆಂಬರಿನಲ್ಲಿ. ರೀಬಸ್‌ನ ಸೇವೆಯಲ್ಲಿ ಉಳಿದಿರುವುದು ಹತ್ತು ದಿನ. ರಷ್ಯನ್ ಕವಿಯೊಬ್ಬನ ಕೊಲೆ, ಬ್ಯಾಂಕುಗಳ ಸೊಕ್ಕು, ಸ್ವಾತಂತ್ರ್ಯದ ಮಾತಾಡುವ ರಾಜಕಾರಣಿಗಳು ಇಲ್ಲಿದ್ದಾರೆ. ಇವೆಲ್ಲವನ್ನೂ ಮೀರಿ ನೆನಪಿನಲ್ಲಿ ಉಳಿಯುವುದು ಕೊನೆಯ ದೃಶ್ಯ. ಪ್ರಜ್ಞೆತಪ್ಪಿ ಆಸ್ಪತ್ರೆಯಲ್ಲಿ ಮಲಗಿರುವ ಕ್ಯಾಫರ್ಟಿಯ ಹೃದಯ ನಿಲ್ಲುತ್ತದೆ. ರೀಬಸ್ ಆತನ ಎದೆಯನ್ನು ಗುದ್ದಿ ಬದುಕಿಸಲು ಹೆಣಗುತ್ತಾನೆ. ಹಗೆಯೂ ಅವಲಂಬನೆಯೂ ಒಂದೇ ಚಲನೆಯಲ್ಲಿ ಬೆರೆತಿರುವ ಇಂಥ ಮುಕ್ತಾಯ ಈ ಪ್ರಕಾರದಲ್ಲಿ ವಿರಳ. ಕ್ಯಾಫರ್ಟಿ ಸತ್ತರೆ ರೀಬಸ್ ಯಾರೆಂದು ಹೇಳಲು ಯಾರೂ ಉಳಿಯುವುದಿಲ್ಲ. ಜೆಕಿಲ್ ತನ್ನ ಹೈಡನನ್ನು ಬದುಕಿಸಿಕೊಳ್ಳುತ್ತಿದ್ದಾನೆ ಎಂದು 1987ರ ಮೂಲ ಉದ್ದೇಶವನ್ನು ನೆನೆದು ಹೇಳಬಹುದು. ಮಾಲೆ ಇಲ್ಲಿಯೇ ನಿಂತಿದ್ದರೆ ಕಲಾತ್ಮಕವಾಗಿ ಅದು ಪರಿಪೂರ್ಣವಾಗುತ್ತಿತ್ತು.

ನಿಲ್ಲಲಿಲ್ಲ. ಪೊಲೀಸರ ಮೇಲಿನ ದೂರುಗಳನ್ನು ತನಿಖೆ ಮಾಡುವ, ಕುಡಿಯದ, ನಿಯಮ ಮೀರದ ಮಾಲ್ಕಮ್ ಫಾಕ್ಸ್‌ನನ್ನು ರ್‍ಯಾಂಕಿನ್ 2009ರಲ್ಲಿ ಸೃಷ್ಟಿಸಿದರು. 2012ರಲ್ಲಿ ರೀಬಸ್ ಹಳೆಯ ಪ್ರಕರಣಗಳ ಮರುಪರಿಶೀಲನಾ ಘಟಕದಲ್ಲಿ ಸಮವಸ್ತ್ರದ ಹಕ್ಕಿಲ್ಲದ ನಾಗರಿಕ ನೌಕರನಾಗಿ ಹಿಂದಿರುಗಿದ. ಅನಂತರದ ಕೃತಿಗಳಲ್ಲಿ ಆತನನ್ನು ತನಿಖೆಯ ಹತ್ತಿರ ತರಲು ಹೂಡಿರುವ ಉಪಾಯಗಳು ಕೆಲವೆಡೆ ಪ್ರಯಾಸದವು: ಒಮ್ಮೆ ಕೆಳದರ್ಜೆಗಿಳಿದು ಸೇವೆಗೆ ಮರುಸೇರ್ಪಡೆ, ಒಮ್ಮೆ ಸಲಹೆಗಾರ, ಇನ್ನೊಮ್ಮೆ ಶಿವಾನ್‌ಳ ಬಾಗಿಲು ತಟ್ಟುವ ಬೇಸರದ ಮುದುಕ. 2013ರ ಏಪ್ರಿಲ್ 1ರಂದು ಎಂಟು ಪ್ರಾದೇಶಿಕ ಪಡೆಗಳು ಸೇರಿ ಒಂದೇ ಸ್ಕಾಟ್ಲೆಂಡ್ ಪೊಲೀಸ್ ಪಡೆ ರಚನೆಯಾದ ಮೇಲೆ ಇಂಥ ಮುದುಕನಿಗೆ ಠಾಣೆಯೊಳಗೆ ಸುಲಭವಾಗಿ ಪ್ರವೇಶ ಸಿಗುವುದೆಂಬುದನ್ನು ನಂಬಲು ಓದುಗ ಉದಾರಿಯಾಗಬೇಕು.

ಆದರೆ ಈ ಉತ್ತರಾರ್ಧವನ್ನು ಬರಿಯ ಮುಂದುವರಿಕೆಯೆಂದು ತಳ್ಳಿಹಾಕುವಂತಿಲ್ಲ. 'ಬ್ಲ್ಯಾಕ್ ಅಂಡ್ ಬ್ಲೂ'ನ ಉಪಕಥೆ ಇಲ್ಲಿ ಮುಖ್ಯಕಥೆಯಾಗುತ್ತದೆ. ಒಮ್ಮೆ ಖುಲಾಸೆಯಾದವನನ್ನು ಅದೇ ಆರೋಪದ ಮೇಲೆ ಮತ್ತೆ ವಿಚಾರಣೆಗೆ ಒಳಪಡಿಸಬಾರದೆಂಬ ಪುರಾತನ ತತ್ತ್ವವನ್ನು ಕೆಲವು ಸಂದರ್ಭಗಳಲ್ಲಿ ಸಡಿಲಿಸುವ ಶಾಸನ ಸ್ಕಾಟ್ಲೆಂಡಿನಲ್ಲಿ 2011ರಲ್ಲಿ ಬಂದಿತು. 2013ರ 'ಸೇಂಟ್ಸ್ ಆಫ್ ದ ಶ್ಯಾಡೊ ಬೈಬಲ್' ನಿಂತಿರುವುದು ಈ ಕಾನೂನಿನ ಮೇಲೆ. ಮೂವತ್ತು ವರ್ಷ ಹಿಂದಿನ ಪ್ರಕರಣವನ್ನು ತೆರೆಯಬಹುದಾದಾಗ, ಅಂದು ಸಮ್ಮರ್‌ಹಾಲ್ ಠಾಣೆಯಲ್ಲಿ 'ಸಂತರು' ಎಂದು ತಮ್ಮನ್ನು ಕರೆದುಕೊಂಡು, ಕ್ರಿಮಿನಲ್ ಕಾನೂನಿನ ಗ್ರಂಥವನ್ನೇ ಬೈಬಲ್ಲಿನಂತೆ ಮುಟ್ಟಿ ಪ್ರಮಾಣ ಮಾಡಿದ್ದ ಪೊಲೀಸರ ಗುಂಪು ತನಿಖೆಗೆ ಒಳಗಾಗುತ್ತದೆ. ತನಿಖಾಧಿಕಾರಿ ಫಾಕ್ಸ್, ಗುಂಪಿನ ಅತಿ ಕಿರಿಯ ಸದಸ್ಯ ರೀಬಸ್. 2018ರ 'ಇನ್ ಎ ಹೌಸ್ ಆಫ್ ಲೈಸ್'ನಲ್ಲಿಯೂ ಇದೇ ವಿನ್ಯಾಸ: 2006ರಲ್ಲಿ ಕಾಣೆಯಾಗಿದ್ದವನ ಹೆಣ ಕಾಡಿನ ಕಾರಿನಲ್ಲಿ ಸಿಗುತ್ತದೆ, ಅಂದಿನ ತನಿಖೆಯ ಲೋಪಗಳು ಹೊರಬೀಳುತ್ತವೆ, ಅಂದಿನ ತಂಡದಲ್ಲಿ ರೀಬಸ್ ಇದ್ದ. ಬದಲಾದ ಕಾನೂನು, ಬದಲಾದ ಸಂವೇದನೆ ಎರಡೂ ಕಾದಂಬರಿಕಾರರಿಗೆ ತಮ್ಮದೇ ಹಳೆಯ ಪುಟಗಳನ್ನು ತೆರೆಯುವ ಸಾಧನಗಳಾಗಿವೆ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಲೇಬೇಕು. ಪ್ರತಿ ಮರುತನಿಖೆಯಲ್ಲಿಯೂ ರೀಬಸ್‌ನ ಪಾಲು ಇತರರಿಗಿಂತ ಒಂದು ತೂಕ ಕಡಿಮೆ. ಸ್ಪೇವನ್ ಪ್ರಕರಣದಲ್ಲಿ ಸುಳ್ಳನ್ನು ಹೊಸೆದವನು ಗೆಡೆಸ್, ಬೆಂಬಲಿಸಿದವನು ಮಾತ್ರ ರೀಬಸ್. 'ಸಂತರ' ಗುಂಪಿನಲ್ಲಿ ಆತ ಹೊಸಬ, ಗುಟ್ಟುಗಳ ಹೊಸಿಲಲ್ಲಿ ನಿಂತವನು. 2018ರಲ್ಲಿ ಆತನ ಲೋಪ ಸಡಿಲಿಕೆಯೇ ಹೊರತು ದುಷ್ಟತನವಲ್ಲ. ಕಿರಿಯನೆಂಬ ವಿನಾಯಿತಿ ಮೂರು ದಶಕ ಆತನನ್ನು ಕಾಯುತ್ತದೆ. ಪೊಲೀಸ್ ಠಾಣೆಯ ಸಂಸ್ಕೃತಿಯೆಂದರೆ ಇಂಥ ಕಿರಿಯರ ಮೌನವೇ ಎಂದು ರ್‍ಯಾಂಕಿನ್ ಚೆನ್ನಾಗಿ ಬಲ್ಲರು. ಅವರ ಪೋಷಕ ಪಾತ್ರಗಳು ಅದನ್ನು ಹೇಳುತ್ತವೆ ಕೂಡ. ಆದರೆ ನಾಯಕನ ವಿಷಯದಲ್ಲಿ ಆ ತಿಳಿವಳಿಕೆಯನ್ನು ಕೊನೆಯವರೆಗೆ ಒಯ್ಯಲು ಲೇಖನಿ ಹಿಂಜರಿಯುತ್ತದೆ. ಓದುಗರ ಪ್ರೀತಿ ಗಳಿಸಿದ ಪಾತ್ರಕ್ಕೆ ಅದರ ಲೇಖಕನೇ ಪೋಷಕ ಸಾಕ್ಷಿಯಾಗಿ ನಿಂತಂತೆ ಇದು.

ಈ ಹಿಂಜರಿಕೆಗೆ ಒಳಗಿನಿಂದಲೇ ಉತ್ತರ ಕೊಡುವ ಪಾತ್ರ ಶಿವಾನ್ ಕ್ಲಾರ್ಕ್. ಆಕೆ ರೀಬಸ್‌ನಿಂದ ಕಲಿತವಳು, ಆತನಿಗಿಂತ ಬಡ್ತಿ ಪಡೆದವಳು, ಆತನ ಅಡ್ಡದಾರಿಗಳ ಫಲವನ್ನು ಹಲವು ಬಾರಿ ಬಳಸಿಕೊಂಡವಳು. ಒಂದು ಪ್ರಕರಣ ಮುಗಿಯುವಾಗ ಯಾವ ಮಾಹಿತಿ ಎಲ್ಲಿಂದ ಬಂತೆಂದು ಆಕೆ ಕೇಳದಿರುವ ಕ್ಷಣಗಳು ಮಾಲೆಯ ಉದ್ದಕ್ಕೂ ಇವೆ. ಓದುಗನ ಸ್ಥಾನ ಇರುವುದು ರೀಬಸ್‌ನಲ್ಲಿ ಅಲ್ಲ, ಈಕೆಯಲ್ಲಿ.

2022ರ 'ಎ ಹಾರ್ಟ್ ಫುಲ್ ಆಫ್ ಹೆಡ್‌ಸ್ಟೋನ್ಸ್' ರೀಬಸ್‌ನನ್ನು ನ್ಯಾಯಾಲಯದಲ್ಲಿ ಆರೋಪಿಯಾಗಿ ನಿಲ್ಲಿಸುವ ಮೂಲಕವೇ ಆರಂಭವಾಗುತ್ತದೆ. ಹಿಂದಿನ ಕಥೆಯಲ್ಲಿ ಟೈನ್‌ಕಾಸಲ್ ಠಾಣೆಯ ಕೊಳೆತ ವ್ಯವಸ್ಥೆಯಿದೆ: ಹೆಂಡತಿಯನ್ನು ಹಿಂಸಿಸಿದ ಆರೋಪ ಹೊತ್ತ ಅಧಿಕಾರಿಯೊಬ್ಬ, ಆ ಠಾಣೆಯ ವಾತಾವರಣವೇ ತನ್ನನ್ನು ಹೀಗೆ ಮಾಡಿತೆಂದು ವಾದಿಸಿ, ಎಲ್ಲರ ಗುಟ್ಟನ್ನೂ ಬಯಲಿಗೆಳೆಯುವೆನೆಂದು ಬೆದರಿಸಿ ಕೊಲೆಯಾಗುತ್ತಾನೆ. ಕೃತಿ ಬಂದ ಕಾಲವನ್ನು ಮರೆಯುವಂತಿಲ್ಲ. 2021ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಸೇವೆಯಲ್ಲಿದ್ದ ಪೊಲೀಸನೊಬ್ಬ ಸಾರಾ ಎವರಾರ್ಡ್ ಎಂಬ ಯುವತಿಯನ್ನು ಅಪಹರಿಸಿ ಕೊಂದ ಮೇಲೆ ಬ್ರಿಟನ್ನಿನಲ್ಲಿ ಪೊಲೀಸರ ಮೇಲಿನ ನಂಬಿಕೆ ಕುಸಿದಿತ್ತು. 2023ರ ಮಾರ್ಚ್‌ನಲ್ಲಿ ಲೂಯಿಸ್ ಕೇಸಿ ಅವರ ವರದಿ ಲಂಡನ್ ಪೊಲೀಸ್ ಪಡೆಯನ್ನು ಸಾಂಸ್ಥಿಕವಾಗಿಯೇ ಜನಾಂಗದ್ವೇಷಿ, ಸ್ತ್ರೀದ್ವೇಷಿ ಎಂದು ಹೇಳಿತು. ಅದೇ ಮೇ ತಿಂಗಳಲ್ಲಿ ಸ್ಕಾಟ್ಲೆಂಡ್ ಪೊಲೀಸ್ ಮುಖ್ಯಸ್ಥ ಇಯಾನ್ ಲಿವಿಂಗ್‌ಸ್ಟನ್ ತಮ್ಮ ಪಡೆಯೂ ಸಾಂಸ್ಥಿಕ ತಾರತಮ್ಯದಿಂದ ಮುಕ್ತವಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡರು. ಅಡ್ಡದಾರಿಯ ಪೊಲೀಸನನ್ನು ಪ್ರೀತಿಯಿಂದ ಓದುವುದು ಈ ಹವೆಯಲ್ಲಿ ಮೊದಲಿನಷ್ಟು ನಿರಪಾಯಕರವಲ್ಲ. ರ್‍ಯಾಂಕಿನ್ ಇದನ್ನು ಗ್ರಹಿಸಿದರು; ರೀಬಸ್‌ನ ಪೀಳಿಗೆಯೇ ಟೈನ್‌ಕಾಸಲ್‌ನ ಪೂರ್ವಜ ಎಂಬುದನ್ನು ಕೃತಿ ಅಡಗಿಸುವುದಿಲ್ಲ. 2024ರ 'ಮಿಡ್‌ನೈಟ್ ಅಂಡ್ ಬ್ಲೂ'ನಲ್ಲಿ ರೀಬಸ್ ಎಡಿನ್‌ಬರೋ ಜೈಲಿನ ಕೈದಿ. ಆತನೇ ಒಳಗೆ ಕಳಿಸಿದವರ ನಡುವೆ, ಬೀಗ ಹಾಕಿದ ಕೋಣೆಯಲ್ಲಿ ನಡೆದ ಕೊಲೆಯ ಜಾಡು ಹಿಡಿಯುತ್ತಾನೆ. ಮೂವತ್ತೇಳು ವರ್ಷಗಳ ಮಾಲೆ ಪ್ರಕಾರದ ಅತಿ ಹಳೆಯ ಒಗಟಾದ ಮುಚ್ಚಿದ ಕೋಣೆಗೆ ಬಂದು ಸೇರುವುದರಲ್ಲಿ ಒಂದು ಸೊಗಸಿದೆ. ಹೊರಹೋಗಲಾರದ ಪತ್ತೇದಾರನಿಗೆ ಇಡೀ ಲೋಕವೇ ಮುಚ್ಚಿದ ಕೋಣೆ.

ಇದೇ ವರ್ಷ ಬಿಬಿಸಿ ಪ್ರಸಾರ ಮಾಡಿದ ಹೊಸ ದೂರದರ್ಶನ ರೂಪಾಂತರ ರೀಬಸ್‌ನನ್ನು ಮತ್ತೆ ಯುವಕನನ್ನಾಗಿಸಿ, ಸಾರ್ಜೆಂಟ್ ದರ್ಜೆಗೆ ಇಳಿಸಿ, ಇಂದಿನ ಎಡಿನ್‌ಬರೋದಲ್ಲಿ ನಿಲ್ಲಿಸಿತು. ಪ್ರಕಾರದ ಹಳೆಯ ಒಪ್ಪಂದಕ್ಕೆ ಮರಳಿದಂತೆಯೇ ಸರಿ. ಒಂದೇ ಹೆಸರಿನ ಇಬ್ಬರಲ್ಲಿ ಪುಸ್ತಕದವನು ಸೆರೆಯಲ್ಲಿದ್ದಾಗ ಪರದೆಯವನ ಕಡತ ಖಾಲಿಯಾಗಿತ್ತು.

ಕಟಕಟೆಯ ಆ ಧೈರ್ಯವನ್ನು ಮೆಚ್ಚುವಾಗಲೂ ಆರೋಪಪಟ್ಟಿಯನ್ನು ಓದುವುದು ಅಗತ್ಯ. ರೀಬಸ್ ಸೆರೆಗೆ ಹೋಗುವುದು ಕ್ಯಾಫರ್ಟಿಯ ಸಾವಿಗಾಗಿ. 2007ರಲ್ಲಿ ಯಾರ ಎದೆಯನ್ನು ಗುದ್ದಿ ಉಳಿಸಲು ಹೆಣಗಿದನೋ ಆತನ ಸಾವಿಗೇ ಹದಿನೈದು ವರ್ಷಗಳ ನಂತರ ಹೊಣೆಯಾಗುವುದು ರಾಚನಿಕವಾಗಿ ಅಚ್ಚುಕಟ್ಟು. ಆದರೆ ಕ್ಯಾಫರ್ಟಿಗಾಗಿ ಮರುಗುವವರು ನಗರದಲ್ಲಿ ಯಾರೂ ಇಲ್ಲ, ಓದುಗರಲ್ಲಿ ಅಂತೂ ಇಲ್ಲವೇ ಇಲ್ಲ. ಆ ಶಿಕ್ಷೆ ರೀಬಸ್‌ಗೆ ಕಳಂಕಕ್ಕಿಂತ ಹೆಚ್ಚಾಗಿ ದುರಂತದ ಘನತೆಯನ್ನು ತಂದುಕೊಡುತ್ತದೆ. ಆತ ನ್ಯಾಯಾಲಯದಲ್ಲಿ ಉತ್ತರಿಸಬೇಕಾಗಿದ್ದ ಇನ್ನೊಂದು ಪ್ರಶ್ನೆ 1997ರಿಂದಲೂ ಬಾಕಿಯಿತ್ತು. ಇಬ್ಬರು ಪೊಲೀಸರು ಒಂದೇ ಸುಳ್ಳನ್ನು ಹೇಳಿ ಸೆರೆಗೆ ಕಳಿಸಿದ, ಅಲ್ಲಿಯೇ ಸತ್ತ ಲೆನಿ ಸ್ಪೇವನ್‌ನ ಹೆಸರು ಆ ಆರೋಪಪಟ್ಟಿಯಲ್ಲಿ ಇಲ್ಲ.